ನಿಂತಾಗ ಕಾಯುವ ಗಾಡಿ

“ಗಾಡಿ ನಿಂತ್ಕಂಡು ಕಾಯ್ತೈತೆ ಕಣ್ರಪ್ಪಾ. ಓಡಾವಾಗ ಏನೂ ಇಲ್ಲ.”

ನಮ್ಮ ಗೆಳೆಯನ ಅಪ್ಪ ಫೋನಲ್ಲಿ ಹೇಳಿದ್ದು ಇಷ್ಟೇ. ಸ್ಪೀಕರ್ ಹಾಕ್ಕೊಂಡು ಹಾಸ್ಟೆಲ್ ರೂಮಲ್ಲಿ ಮೂವರೂ ಕೇಳಿದ್ವಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಮ್ಮಲ್ಲಿ ಒಬ್ಬನಿಗೆ ‘ಗಾಡಿ ಮನೆ ಮುಂದೆ ನಿಮಗೋಸ್ಕರ ಕಾಯ್ತಿದೆ, ಬೇಗ ಬನ್ನಿ’ ಅಂತ ಕೇಳಿಸ್ತು. ಉಳಿದಿಬ್ಬರಿಗೆ ಇದು ಬಿಸಿಯಾಗೋ ಮಾತು ಅಂತ ಹೊಳೀತು. ‘ಓವರ್‌ಹೀಟಿಂಗ್’ ಅಂತ ನೋಟ್‌ಬುಕ್ಕಲ್ಲಿ ಒಂದೇ ಪದ ಬರ್ಕೊಂಡು, ಅಂಕಲ್ ಹೇಳಿದ ಮಿಕ್ಕಿದ್ದೆಲ್ಲ ಬಿಟ್ಟುಬಿಟ್ವಿ. ಉತ್ತರ ಇದ್ದಿದ್ದು ಆ ಬಿಟ್ಟ ಭಾಗದಲ್ಲೇ. ಅದು ತಿಳಿಯೋಕೆ ನಮಗೆ ಎರಡು ದಿನ, 650 ರೂಪಾಯಿ ಮತ್ತು ಸ್ವಲ್ಪ ಮರ್ಯಾದೆ ಖರ್ಚಾಯ್ತು.

ಕನ್ನಡದಲ್ಲಿ ಈ ‘ಕಾಯೋದು’ ಎಷ್ಟು ಕೆಲಸ ಮಾಡುತ್ತೆ ನೋಡಿ. ಬಸ್ಸಿಗೆ ಕಾಯ್ತೀವಿ, ದನ ಕಾಯ್ತೀವಿ, ಒಲೆ ಮೇಲೆ ಹಂಚು ಕಾಯುತ್ತೆ. ಗೆಳೆಯನ ಊರು ಇರೋದು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಪಕ್ಕದಲ್ಲಿ. ಆ ‘ಕಾವಲ್’ ಕೂಡ ಇದೇ ಕಾಯೋದರಿಂದ ಬಂದಿದ್ದು. ಅಮೃತಮಹಲ್ ದನ ಮೇಯಲಿ ಅಂತ ಮೈಸೂರು ಅರಸರ ಕಾಲದಿಂದ ಕಾದಿಟ್ಟ ಹುಲ್ಲುಗಾವಲು ಅದು. ಈಗ ಅದರಲ್ಲಿ ದೊಡ್ಡ ಭಾಗ ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಗಿದೆ. ಮಿಕ್ಕಿದ್ದು ಬಿಸಿಲು, ಧೂಳು, ಶೇಂಗಾ ಹೊಲ.

ಅಂಥಾ ಕಡೆ ಒಂದು ಮನೆಗೆ ಹಳೇ ಕಾರು ಅಂದ್ರೆ ಶೋಕಿ ಅಲ್ಲ. ಅವರದು 2005ರ ಮಾರುತಿ 800, ಸೆಕೆಂಡ್ ಹ್ಯಾಂಡ್. ಅಜ್ಜಿಯನ್ನ ತಿಂಗಳಿಗೆ ಎರಡು ಸಲ ಚಿತ್ರದುರ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಅದರಲ್ಲೇ. ರಾತ್ರಿ ಹೊತ್ತು ಅಕ್ಕಪಕ್ಕದವರಿಗೆ ಹೆರಿಗೆ ನೋವು ಬಂದ್ರೂ ಬಾಗಿಲು ಬಡಿಯೋದು ಇವರದನ್ನೇ. ಪೇಟೆಯ ಒಂದು ಗ್ಯಾರೇಜಲ್ಲಿ ತೋರಿಸಿದಾಗ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, 14,000 ಆಗುತ್ತೆ’ ಅಂದಿದ್ರು. ಮೇ ತಿಂಗಳಿಗೆ ಗಾಡಿಗೆ 20 ವರ್ಷ ತುಂಬುತ್ತೆ, ಆರ್‌ಸಿ ನವೀಕರಣಕ್ಕೆ ಇನ್ನೂ 5,000. ಗುಜರಿಯವನು 22,000 ಕೊಡ್ತೀನಿ ಅಂದಿದ್ದ. “ಹತ್ತೊಂಬತ್ತು ಸಾವಿರ ಹಾಕಿ ಇಪ್ಪತ್ತೆರಡು ಸಾವಿರದ ಗಾಡಿ ಉಳಿಸ್ಕಣಾನಾ?” ಅಂತ ಅಂಕಲ್ ಕೇಳಿದ್ದು ನ್ಯಾಯವಾಗೇ ಇತ್ತು.

ಇದು 2025ರ ಫೆಬ್ರವರಿ, ನಮ್ಮ ಮೊದಲ ಸೆಮ್ ಮುಗಿದ ರಜೆ. ನಾಲ್ಕು ಸ್ಟ್ರೋಕ್ ಎಂಜಿನ್ನಿನ ಚಿತ್ರ ಬರೆದು ಹತ್ತಕ್ಕೆ ಹತ್ತು ತಗೊಂಡ ಬಿಸಿ ಇನ್ನೂ ಆರಿರಲಿಲ್ಲ. ಆನ್‌ಲೈನಲ್ಲಿ 650 ರೂಪಾಯಿಗೆ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತರಿಸ್ಕೊಂಡು, ಮೊಬೈಲಲ್ಲಿ ಆ್ಯಪ್ ಹಾಕ್ಕೊಂಡು, ಮೂವರೂ ಬಸ್ ಹತ್ತಿದ್ವಿ. ಅಲ್ಲಿ ಹೋಗಿ ಡ್ಯಾಶ್‌ಬೋರ್ಡ್ ಕೆಳಗೆ ಅರ್ಧ ಗಂಟೆ ತಲೆಕೆಳಗಾಗಿ ಮಲಗಿ ಹುಡುಕಿದ್ರೂ ಅದನ್ನ ಚುಚ್ಚೋ ಜಾಗವೇ ಸಿಗಲಿಲ್ಲ. ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿ ಕಡ್ಡಾಯ ಆಗಿದ್ದೇ 2010ರ ನಂತರ. ಆ ಹೊತ್ತಿಗೆ ಈ ಗಾಡಿಗೆ ಐದು ವರ್ಷ ವಯಸ್ಸಾಗಿತ್ತು. ಅಜ್ಜಿ ಬಾಗಿಲಲ್ಲಿ ಕೂತು, “ಹುಡುಗ್ರು ಗಾಡಿ ಕೆಳಗೆ ಏನು ಕಳ್ಕಂಡವ್ರೋ” ಅಂತ ಕೇಳ್ತಿದ್ರು.

ಆಮೇಲೆ ಎಂಜಿನ್ ಕಡೆ ಬಂದ್ವಿ. ಹೆಡ್ ಗ್ಯಾಸ್ಕೆಟ್ ಹೋದ್ರೆ ಸಾಮಾನ್ಯವಾಗಿ ಏನಾದ್ರೂ ಒಂದು ಕುರುಹು ಕೊಡುತ್ತೆ. ನೀರು ಸೇರಿ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗುತ್ತೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದೇ ಬರುತ್ತೆ, ಇಲ್ಲಾ ರೇಡಿಯೇಟರ್ ನೀರಲ್ಲಿ ಗುಳ್ಳೆ ಏಳುತ್ತೆ. ಡಿಪ್‌ಸ್ಟಿಕ್ ತೆಗೆದು ನೋಡಿದ್ವಿ, ಆಯಿಲ್ ಕಪ್ಪಗಿತ್ತು ಅಷ್ಟೇ. ಹೊಗೆ ಇಲ್ಲ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿದ್ವಿ, ಗುಳ್ಳೆನೂ ಇಲ್ಲ. (ಬಿಸಿ ಇದ್ದಾಗ ಯಾವ ಕಾರಣಕ್ಕೂ ಆ ಮುಚ್ಚಳ ತೆಗೀಬೇಡಿ. ಒತ್ತಡದಲ್ಲಿರೋ ನೀರು ಮುಖಕ್ಕೆ ಹಾರುತ್ತೆ.) ಒಳಗಿದ್ದ ನೀರು ಮಾತ್ರ ಕೆಮ್ಮಣ್ಣು ಕಲಸಿದ ಹಾಗಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರೇ ಹಾಕಿದ್ರಂತೆ. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅನ್ನೋದು ಹಾಸ್ಟೆಲ್ ಗೀಸರ್ ನೋಡಿದವರಿಗೆಲ್ಲ ಗೊತ್ತು. ಅದೇ ಬಿಳಿ ಪೊರೆ ರೇಡಿಯೇಟರ್ ಒಳಗೂ ಕಟ್ಟುತ್ತೆ. ಪೊರೆ ಕಟ್ಟಿದಷ್ಟೂ ಶಾಖ ಹೊರಗೆ ಹೋಗೋದು ಕಮ್ಮಿ.

ಸಿಕ್ಕಿಬಿಡ್ತು ಅಂದ್ಕೊಂಡ್ವಿ. ಇಡೀ ದಿನ ನೀರು ಬಸಿದು, ತೊಳೆದು, ಮತ್ತೆ ಬಸಿದು, ಕೊನೆಗೆ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿಸಿದ್ವಿ. ಸ್ಟಾರ್ಟ್ ಮಾಡಿ ನಿಲ್ಲಿಸಿದ ಇಪ್ಪತ್ತೇ ನಿಮಿಷಕ್ಕೆ ಮುಳ್ಳು ಮತ್ತೆ ಮೇಲಕ್ಕೆ ಹೋಯ್ತು.

ಆಗ ಅಂಕಲ್ ಬಂದು, ಸಿಟ್ಟೇನೂ ಮಾಡದೆ, ಮೊದಲ ದಿನ ಹೇಳಿದ್ದನ್ನೇ ಇನ್ನೊಂದ್ಸಲ ಹೇಳಿದ್ರು. “ನಾನು ಹೇಳಿದ್ನಲ್ಲಪ್ಪಾ. ಸಂತೇಲಿ ನಿಂತ್ರೆ, ರೈಲ್ವೆ ಗೇಟಲ್ಲಿ ನಿಂತ್ರೆ ಕಾಯ್ತೈತೆ. ದುರ್ಗದ ರೋಡಲ್ಲಿ ಎಪ್ಪತ್ತರಲ್ಲಿ ಹೋದ್ರೆ ತಣ್ಣಗಿರ್ತೈತೆ.”

ಓಡುವಾಗ ಎದುರು ಗಾಳಿ ರೇಡಿಯೇಟರ್‌ನ ತಣಿಸುತ್ತೆ. ನಿಂತಾಗ ಆ ಕೆಲಸ ಮಾಡಬೇಕಾದ್ದು ಫ್ಯಾನ್. ರೇಡಿಯೇಟರ್ ಕಟ್ಟಿಕೊಂಡಿದ್ರೆ ಓಡುವಾಗಲೂ, ಅದರಲ್ಲೂ ಏರು ಹತ್ತುವಾಗ ಕಾಯಬೇಕಿತ್ತು. ನಿಂತಾಗ ಮಾತ್ರ ಕಾಯ್ತಿದೆ ಅಂದ್ರೆ ಮೊದಲು ನೋಡಬೇಕಾದ್ದು ಫ್ಯಾನ್. ಮೂರು ವರ್ಷ ಆ ಗಾಡಿ ಓಡಿಸಿದವರು ರೋಗ ಪತ್ತೆ ಹಚ್ಚಿ ಒಂದು ವಾಕ್ಯದಲ್ಲಿ ಕೊಟ್ಟಿದ್ರು. ಅದರಲ್ಲಿ ಸೀಟು ಗಿಟ್ಟಿಸಿಕೊಂಡ ಮೂವರು ಎಂಜಿನಿಯರುಗಳು ಕೇಳಿಸ್ಕೊಂಡಿದ್ದು ಒಂದೇ ಪದ.

ಮುಂದಿನ ಕೆಲಸ ಸಲೀಸು. ಫ್ಯಾನಿನ ಕನೆಕ್ಟರ್ ಕಳಚಿ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ರೆ ಗಿರ್ರಂತ ತಿರುಗಿತು. ಮೋಟಾರ್ ಚೆನ್ನಾಗಿದೆ ಅಂತಾಯ್ತು. ಫ್ಯೂಸ್ ಸರಿಯಿತ್ತು. ರಿಲೇ ಕಿತ್ತು ನೋಡಿದ್ರೆ ಒಂದು ಕಾಲು ಸುಟ್ಟು ಕಪ್ಪಗಾಗಿತ್ತು. ಸಾಕೆಟ್ಟನ್ನ ಉಪ್ಪುಕಾಗದದಲ್ಲಿ ಉಜ್ಜಿ ಹೊಸ ರಿಲೇ ಹಾಕಿದ್ವಿ. ಯಾರೋ ಹಿಂದೆ ಥರ್ಮೋಸ್ಟ್ಯಾಟನ್ನೇ ಕಿತ್ತೆಸೆದಿದ್ದು ಕೂಡ ಈ ಗಡಿಬಿಡಿಯಲ್ಲಿ ಕಣ್ಣಿಗೆ ಬಿತ್ತು. ‘ಬಿಸಿಲ ಸೀಮೆಗೆ ಅದು ಬೇಡ’ ಅನ್ನೋ ನಂಬಿಕೆ ಎಷ್ಟೋ ಕಡೆ ಇದೆ. ಅದಿಲ್ಲದಿದ್ರೆ ಎಂಜಿನ್ ತನಗೆ ಬೇಕಾದ ಬಿಸಿಗೆ ಬರೋದು ತಡ, ಅಲ್ಲೀವರೆಗೂ ಪೆಟ್ರೋಲ್ ಜಾಸ್ತಿ ಕುಡೀತಾ ಇರುತ್ತೆ. ಅದನ್ನೂ ಹಾಕಿದ್ವಿ.

ಲೆಕ್ಕ ಕೇಳಿ: ರಿಲೇ 180, ಕೂಲೆಂಟ್ 320, ಡಿಸ್ಟಿಲ್ಡ್ ವಾಟರ್ 100, ಥರ್ಮೋಸ್ಟ್ಯಾಟ್ 350, ರೇಡಿಯೇಟರ್ ಮುಚ್ಚಳ 160, ಪೈಪ್ ಕ್ಲಿಪ್ 60. ಒಟ್ಟು 1,170. ಸ್ಕ್ಯಾನರ್ ದುಡ್ಡು ನಮ್ಮ ಪಾಪಕ್ಕೆ. ಅಂಕಲ್ ಅದನ್ನೂ ಕೊಡೋಕೆ ಬಂದ್ರು, ತಗೊಳ್ಳೋ ಮುಖ ನಮಗಿರಲಿಲ್ಲ.

ಟ್ರಯಲ್‌ಗೆ ಅಂತ ಚಳ್ಳಕೆರೆ ಕಡೆ ಹೊರಟಾಗ ಇನ್ನೊಂದು ಆಯ್ತು. ಕೆಳಗಿನ ಪೈಪಿನ ಕ್ಲಿಪ್ಪನ್ನ ನಾವು ತೀರಾ ಅಂಚಿಗೆ ಹಾಕಿದ್ವಿ. ಹೈವೇಲಿ ಪೈಪ್ ಜಾರಿ ಕೂಲೆಂಟೆಲ್ಲ ರಸ್ತೆ ಪಾಲು. ಶೇಂಗಾ ಮೂಟೆ ಹೇರ್ಕೊಂಡು ಹೋಗ್ತಿದ್ದ ಟೆಂಪೋ ಡ್ರೈವರ್ ಒಬ್ಬರು ನಿಲ್ಲಿಸಿ, ಪೈಪ್ ಒಳಗೆ ತಳ್ಳಿ, ಎರಡು ನಿಮಿಷದಲ್ಲಿ ಕ್ಲಿಪ್ ಬಿಗಿ ಮಾಡಿಕೊಟ್ರು. ಎಂಜಿನ್ ಆರೋವರೆಗೆ ಮುಕ್ಕಾಲು ಗಂಟೆ ರಸ್ತೆ ಬದಿ ಕಾದ್ವಿ. ಎರಡೂ ಅರ್ಥದಲ್ಲಿ, ಬಿಸಿಲು ಹಾಗಿತ್ತು.

ಇಷ್ಟು ಯಾಕೆ ಹೇಳಿದ್ವಿ ಅಂದ್ರೆ, ಹಳೇ ಗಾಡಿ ಇಟ್ಕೊಳ್ಳೋದು ದಡ್ಡತನ ಅಂತ ನಮ್ಮ ಕ್ಲಾಸಲ್ಲೇ ವಾದ ನಡೀತು. ಹೊಸ ಬಿಎಸ್-6 ಕಾರಿಗಿಂತ ಇದರ ಹೊಗೆ ಕೆಟ್ಟದ್ದು ಅನ್ನೋದನ್ನ ಒಪ್ತೀವಿ. ಆದರೆ ಇದು ವಾರಕ್ಕೆ ಒಂದೆರಡು ಸಲ ಹೊರಡೋ ಗಾಡಿ, ಇದು ಹೋದ್ರೆ ಆ ಮನೆಗೆ ಬರೋದು ಹೊಸ ಕಾರಲ್ಲ, ಏನೂ ಇಲ್ಲದಿರೋದು. ಸರ್ಕಾರ ಮಾತ್ರ ವಯಸ್ಸು ನೋಡಿ ಬಿಲ್ ಬರೆಯುತ್ತೆ. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600 ಇದ್ದಿದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. 2025ರ ಆಗಸ್ಟ್‌ನಲ್ಲಿ 20 ದಾಟಿದ್ದಕ್ಕೆ 10,000 ಮಾಡಿದ್ರು. ಅಂಕಲ್ ಮೇ ತಿಂಗಳಲ್ಲೇ ಮಾಡಿಸ್ಕೊಂಡು ಬಚಾವ್. ಬ್ರೇಕು, ಹೊಗೆ, ಸ್ಟೀರಿಂಗ್ ಬಿಗಿಯಾಗಿ ಪರೀಕ್ಷೆ ಮಾಡಿ, ಫೇಲಾದ್ರೆ ರಸ್ತೆಗೆ ಬಿಡಬೇಡಿ. ಹುಟ್ಟಿದ ವರ್ಷಕ್ಕೇ ದಂಡ ಯಾಕೆ?

ಆ ಊರಿನ ಪಕ್ಕದಲ್ಲೇ ಇದಕ್ಕೊಂದು ಉದಾಹರಣೆ ಇದೆ. ವರವು ಕಾವಲ್‌ನ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಇಸ್ರೋ ತನ್ನ ಮರುಬಳಕೆ ಉಡಾವಣಾ ವಾಹನವನ್ನ ಮೂರು ಸಲ ಇಳಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಡ್ತು, ಅದು ತಾನಾಗೇ ರನ್‌ವೇಗೆ ಬಂತು. ಮೊದಲ ಸಲ ಇಳಿದ ರೆಕ್ಕೆ, ಉಪಕರಣಗಳನ್ನೇ ತಪಾಸಣೆ ಮಾಡಿ ಎರಡನೇ ಸಲ ಹಾರಿಸಿದ್ರು. ಮೂರನೇ ಸಲವೂ ಅವೇ, ಏನೂ ಬದಲಿಸದೆ. ಇಳಿದದ್ದನ್ನ ಬಿಚ್ಚಿ ನೋಡಿ, ಸರಿಯಿದ್ರೆ ಮತ್ತೆ ಹಾರಿಸೋದು ಅಲ್ಲಿ ದೇಶದ ಹೆಮ್ಮೆ. ಅದೇ ಕೆಲಸ ಅದರ ಕಾಂಪೌಂಡಿನ ಆಚೆ ಮನೆಯಲ್ಲಿ ನಡೆದ್ರೆ ಜಿಪುಣತನ ಅಂತೀವಿ.

ಆ ಗ್ಯಾರೇಜಿನವರನ್ನ ಬೈಯೋದೂ ಸರಿಯಲ್ಲ. ಮೂವರು ಎರಡು ದಿನ ಪುಕ್ಕಟೆ ದುಡಿದಿದ್ದು ನಮ್ಮ 1,170ರಲ್ಲಿ ಎಲ್ಲೂ ಇಲ್ಲ. ಬಾಡಿಗೆ, ಹುಡುಗರ ಸಂಬಳ ಕೊಡೋ ಮೆಕ್ಯಾನಿಕ್ಕು 180 ರೂಪಾಯಿ ರಿಲೇಗೋಸ್ಕರ ಎರಡು ಗಂಟೆ ಕೂತು ಕಥೆ ಕೇಳಿದ್ರೆ ಅಂಗಡಿ ಮುಚ್ಚಬೇಕು. ಆ ಕೇಳೋ ಸಮಯ ಇರೋದು ಮನೆಯವರಿಗೆ, ರಜೆಯಲ್ಲಿರೋ ನಮ್ಮಂಥವರಿಗೆ. ಆದರೆ ನಮಗೆ ಕೇಳೋಕೆ ಬರಲ್ಲ. ಕಾರಿನ ಜೊತೆ ಬರೋ ಪುಸ್ತಕ ಇಂಗ್ಲಿಷಲ್ಲಿದೆ, ಅದನ್ನ ನಾವು ಓದ್ತೀವಿ, ಅಂಕಲ್ ಓದಲ್ಲ. ಗಾಡಿ ಹೇಳೋದು ಅಂಕಲ್‌ಗೆ ಕೇಳಿಸುತ್ತೆ, ನಮಗೆ ಕೇಳಿಸಲ್ಲ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಎಂಜಿನಿಯರಿಂಗ್ ಕಲಿಸಬಹುದು ಅಂದಾಗಿನಿಂದ ಪಠ್ಯಪುಸ್ತಕದ ಪಾರಿಭಾಷಿಕ ಪದಗಳ ಬಗ್ಗೆ ಬೇಕಾದಷ್ಟು ಜಗಳ ಆಗಿದೆ. ರೇಡಿಯೇಟರ್‌ಗೆ ಕನ್ನಡದಲ್ಲಿ ಏನಂತಾರೆ ಅನ್ನೋದು ನಮಗೆ ಮುಖ್ಯವೇ ಅಲ್ಲ, ರೇಡಿಯೇಟರ್ ಅಂತಲೇ ಅನ್ನಲಿ. ‘ಮಿಸ್ಸಿಂಗ್ ಹೊಡೀತೈತೆ’, ‘ಪಿಕಪ್ ಎತ್ತಲ್ಲ’, ‘ಸೆಲ್ಫ್ ಕಟ್ ಕಟ್ ಅಂತೈತೆ’, ‘ಸ್ಟೇರಿಂಗ್ ಅದುರ್ತೈತೆ’ — ಇವು ಯಾವ ಪಠ್ಯದಲ್ಲೂ ಇಲ್ಲ.

ಆದ್ದರಿಂದ ಕನ್ನಡ ಸಂಘಕ್ಕೆ ನಮ್ಮದೊಂದು ಬೇಡಿಕೆ. ರಾಜ್ಯೋತ್ಸವಕ್ಕೆ ಡಿಜೆ ಒಂದು ಗಂಟೆ ಕಮ್ಮಿ ಮಾಡಿದ್ರೂ ಪರವಾಗಿಲ್ಲ, ಈ ಪತ್ರಿಕೆಯಲ್ಲಿ ಪ್ರತಿ ಸಲ ಒಂದು ಪುಟ ಇದಕ್ಕೆ ಕೊಡಿ. ಮನೆಯ ಕಾರು, ಬೈಕು, ಪಂಪ್‌ಸೆಟ್ಟು ಕೆಟ್ಟಾಗ ನಿಮ್ಮ ಅಪ್ಪ ಅಮ್ಮ ಏನಂದ್ರು ಅನ್ನೋದನ್ನ ಅವರ ಮಾತಲ್ಲೇ, ತಿದ್ದದೆ ಬರೆದು ಕಳಿಸಿ. ಕೆಟ್ಟಿದ್ದೇನು, ಖರ್ಚೆಷ್ಟು, ನೀವು ಮಾಡಿದ ತಪ್ಪೇನು ಅನ್ನೋದನ್ನೂ ಸೇರಿಸಿ. ‘ಸೆಲ್ಫ್ ಕಟ್ ಕಟ್ ಅಂತೈತೆ’ ಅಂದ್ರೆ ಸ್ಟಾರ್ಟರ್ ಬಿಚ್ಚೋ ಮೊದಲು ಬ್ಯಾಟರಿ ಟರ್ಮಿನಲ್ ಬಿಗಿಯಿದೆಯಾ ನೋಡಿ ಅಂತ ಮೊದಲ ಟಿಪ್ಪಣಿ ನಾವೇ ಬರೆದಿಟ್ಟಿದ್ದೀವಿ. ಬ್ರೇಕು, ಸ್ಟೀರಿಂಗ್ ಮಾತ್ರ ಆ ಪುಟದಲ್ಲಿ ಬೇಡ. ಅವನ್ನ ನಾವೂ ಮುಟ್ಟಿಲ್ಲ. ಅಂಕಲ್ ಗಾಡಿಯ ಹಿಂದಿನ ಬ್ರೇಕ್ ಮೆಕ್ಯಾನಿಕ್ ಹತ್ತಿರವೇ 1,600 ಕೊಟ್ಟು ಮಾಡಿಸಿದ್ದು.

ಕಳೆದ ಭಾನುವಾರ ಮತ್ತೆ ಫೋನ್ ಬಂತು. “ಗಾಡಿ ಎಡಕ್ಕೆ ಎಳೀತೈತೆ ಕಣ್ರಪ್ಪಾ.”

ಈ ಸಲ ನೋಟ್‌ಬುಕ್ ತೆಗೀಲಿಲ್ಲ. “ಯಾವಾಗ ಎಳೆಯುತ್ತೆ ಅಂಕಲ್? ಸುಮ್ನೆ ಹೋಗ್ವಾಗ್ಲೋ, ಬ್ರೇಕ್ ಒತ್ತಿದಾಗ್ಲೋ?”

“ಒತ್ತಿದಾಗ ಮಾತ್ರ.”

“ಹಾಗಾದ್ರೆ ನಾವು ಮುಟ್ಟಲ್ಲ, ನಾಳೆನೇ ಮೆಕ್ಯಾನಿಕ್ ಹತ್ರ ಹೋಗಿ. ನಿಧಾನಕ್ಕೆ ಓಡಿಸ್ಕೊಂಡು ಹೋಗಿ. ಅವರಿಗೂ ಹೀಗೇ ಹೇಳಿ ಅಂಕಲ್, ‘ಒತ್ತಿದಾಗ ಮಾತ್ರ’ ಅಂತ.”