ಏಜಾಕ್ಸನ ಶವದ ಮುಂದೆ

ಸಾಫೊಕ್ಲೀಸ್ ಮಹಾಕವಿಯ ‘ಏಜಾಕ್ಸ್’ ರುದ್ರನಾಟಕವನ್ನು ಕುರಿತು ಸಾಹಿತ್ಯಗೋಷ್ಠಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ನಾಯಕನು ಕತ್ತಿಯ ಮೇಲೆ ಬಿದ್ದು ಮಡಿದೊಡನೆ ನಾಟಕವು ಮುಗಿಯಿತು, ಆಮೇಲಿನದೆಲ್ಲ ಹೆಣದ ಮುಂದಿನ ಜಗಳ, ಕವಿಯ ಕೈತಪ್ಪಿ ಬೆಳೆದ ಬಾಲ, ಎಂಬುದಾಗಿ. ಈ ಆಕ್ಷೇಪವೇನೂ ಹೊಸತಲ್ಲ. ಪ್ರಾಚೀನ ಗ್ರೀಕ್ ಟಿಪ್ಪಣಿಕಾರನೊಬ್ಬನೇ ಇದನ್ನು ಎತ್ತಿದ್ದನು. ಹಳೆಯದಾದ ಮಾತ್ರಕ್ಕೆ ಅದು ದಿಟವಾಗಬೇಕಾಗಿಲ್ಲವಷ್ಟೆ.

ನಾಟಕದಲ್ಲಿ ಸುಮಾರು 1420 ಪಂಕ್ತಿಗಳಿವೆ. ಏಜಾಕ್ಸನು 865ನೆಯ ಪಂಕ್ತಿಯ ಹೊತ್ತಿಗೆ ಸಾಯುತ್ತಾನೆ. ಮಿಕ್ಕ ಐನೂರೈವತ್ತನ್ನು ಕವಿಯು ಮೈಮರೆತು ಬರೆದನೆ? ಮರಣವೆಂಬುದು ಸಾಯುವವನೊಬ್ಬನಿಗೇ ಸೇರಿದ ಸಂಗತಿಯೆಂದು ಬಗೆದವರಿಗೆ ಹಾಗೆ ತೋರಬಹುದು. ಸಾಫೊಕ್ಲೀಸನು ಹಾಗೆ ಬಗೆದವನಲ್ಲ.

ಇನ್ನು ಕೆಲವರು ಏಜಾಕ್ಸನ ಆತ್ಮಹತ್ಯೆಯನ್ನೇ ವೀರಧರ್ಮದ ಶಿಖರವೆಂದು ಕೊಂಡಾಡುವವರು. ಅಕಿಲೀಸನ ಆಯುಧಗಳು ತನಗೆ ಬರಲಿಲ್ಲವೆಂಬ ರೋಷ, ಅಥೀನಾ ದೇವಿ ಕವಿಸಿದ ಹುಚ್ಚು, ದನಕುರಿಗಳನ್ನು ಕಡಿದು ಕೆಡಹಿದ ನಾಚಿಕೆ: ಇವೆಲ್ಲವೂ ಸರಿ. ಆದರೆ ಟೆಕ್ಮೆಸ್ಸಾ ಅವನ ಮುಂದೆ ನಿಂತು ಆಡಿದ ಮಾತುಗಳನ್ನು ಇವರು ಏಕೆ ಓದಿಕೊಳ್ಳುವುದಿಲ್ಲ? ನೀನು ಸತ್ತ ದಿನವೇ ನಾನೂ ನಿನ್ನ ಮಗನೂ ಅನ್ಯರಿಗೆ ತೊತ್ತುಗಳಾಗುವೆವೆಂದು ಆಕೆ ಹೇಳುತ್ತಾಳೆ. ಆತನು ಕೇಳುತ್ತಾನೆ, ಕೇಳಿಯೂ ಹೋಗುತ್ತಾನೆ. ಶತ್ರುವಾದ ಹೆಕ್ಟರನು ಕೊಟ್ಟ ಕತ್ತಿಯನ್ನು ಶತ್ರುವಿನ ನೆಲದಲ್ಲೇ ನೆಟ್ಟು ಅದರ ಮೇಲೆ ಬೀಳುತ್ತಾನೆ. ಬಿದ್ದ ಮೈಯನ್ನು ಮೊದಲು ಕಂಡವಳು ಆಕೆ. ನೋಡಬಾರದ ಆ ನೋಟವನ್ನು ತನ್ನ ಮೇಲುಹೊದಿಕೆಯಿಂದ ಮುಚ್ಚಿದವಳೂ ಆಕೆಯೇ. ಕವಿಯು ಇಲ್ಲಿ ಜಯಘೋಷ ಮಾಡಿಸಲಿಲ್ಲ.

ಅನಂತರ ಬರುತ್ತಾರೆ ದೊರೆಗಳು. ಬದುಕಿದ್ದಾಗ ಅಂಕೆಗೆ ಸಿಕ್ಕದವನನ್ನು ಸತ್ತ ಮೇಲಾದರೂ ಆಳುವೆವೆಂಬುದು ಮೆನೆಲಾಸನ ರಾಜನೀತಿ! ಹೆಣವನ್ನು ಹೂಳಕೂಡದು, ಹಕ್ಕಿಗಳಿಗೆ ಎಸೆಯಬೇಕು. ಟ್ಯೂಸರನು ಅಣ್ಣನ ಹೆಣಕ್ಕೆ ಅಡ್ಡ ನಿಲ್ಲುತ್ತಾನೆ. ಎಳೆಯ ಮಗುವು ತಂದೆಯ ಮೈಯನ್ನು ಹಿಡಿದು ಕುಳಿತಿದೆ. ಅಥೆನ್ಸಿನ ಹತ್ತು ಕುಲಗಳಲ್ಲಿ ಒಂದಕ್ಕೆ ಏಜಾಕ್ಸನ ಹೆಸರಿದ್ದಿತು. ಅವನನ್ನು ಪೂಜಿಸುತ್ತಿದ್ದ ಆ ಪ್ರೇಕ್ಷಕರಿಗೆ ಇದು ಬರಿಯ ಬಾಲವಾಗಿ ಕಂಡಿತೆ?

ಜಗಳವನ್ನು ಬಿಡಿಸುವವನು ಒಡಿಸ್ಯೂಸ್, ಏಜಾಕ್ಸನ ಕಡುಹಗೆ. ತಾನೂ ಒಂದು ದಿನ ಈ ಸ್ಥಿತಿಗೆ ಬರತಕ್ಕವನೆಂಬುದೇ ಆತನ ವಾದ. ಎಲ್ಲರೂ ತಮ್ಮ ತಮ್ಮ ಹಿತಕ್ಕಾಗಿಯೇ ದುಡಿಯುತ್ತಾರೆಂದು ಅಗಮೆಮ್ನಾನನು ಕೊಂಕಾಡಿದರೆ, ಮತ್ತಾರ ಹಿತಕ್ಕಾಗಿ ದುಡಿಯಲೆಂದು ಒಪ್ಪಿಕೊಂಡೇಬಿಡುತ್ತಾನೆ. ನಾಟಕದ ಮೊದಲಲ್ಲಿ ಹುಚ್ಚುಹಿಡಿದ ಹಗೆಯನ್ನು ನೋಡಿ ನಗೆಂದು ದೇವಿಯೇ ಹೇಳಿದಾಗ ನಗಲಾರದೆ ಮರುಗಿದವನೂ ಇವನೇ. ಬಾಲವನ್ನು ಕತ್ತರಿಸಿದರೆ ತಲೆಗೂ ಅರ್ಥವುಳಿಯದು.

1929ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಈ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ರಚಿಸಿದರು. ಚಿರಂಜೀವಿಯನ್ನು ಕೊಂದರೆಂದು ಅದರ ಮೇಲೆ ದೂರು. ದೂರುವವರು ಸೌಪ್ತಿಕಪರ್ವವನ್ನು ಒಮ್ಮೆ ತೆರೆದು ನೋಡಲಿ. ಮೂರು ಸಾವಿರ ವರ್ಷ ಜೊತೆಗಾರರಿಲ್ಲದೆ, ಕೀವುನೆತ್ತರಿನ ನಾತವನ್ನು ಹೊತ್ತು ಅಲೆಯೆಂದು ಕೃಷ್ಣನು ನುಡಿದದ್ದು ವರವೆ, ಶಾಪವೆ? ಸಾವಿಗಿಂತ ದೊಡ್ಡ ಕೇಡಿಲ್ಲವೆಂಬ ಮತವು ವ್ಯಾಸರದಂತೂ ಅಲ್ಲ.

ಹೂಳುವ ಕಾರ್ಯಕ್ಕೆ ತಾನೂ ಕೈಗೂಡಿಸುವೆನೆಂದು ಒಡಿಸ್ಯೂಸನು ಕೇಳುತ್ತಾನೆ. ಟ್ಯೂಸರನು ಕೃತಜ್ಞನಾಗಿದ್ದರೂ ಒಪ್ಪುವುದಿಲ್ಲ. ಹಗೆಯ ಕೈ ಸೋಂಕಿದರೆ ಸತ್ತವನು ಸಹಿಸನೇನೋ ಎಂಬ ಅಳುಕು. ಒಡಿಸ್ಯೂಸನು ಮರುಮಾತಾಡದೆ, ನಿನ್ನ ಇಷ್ಟವೆಂದು ಹೇಳಿ ಹೊರಟುಹೋಗುತ್ತಾನೆ.