ಹಳದಿ ಫಲಕಕ್ಕೆ ಬೀದಿಯಲ್ಲಿ ಜಾಗವಿಲ್ಲವೇ?

ಶಂಶಾಬಾದಿನ ಸುತ್ತ ಎದ್ದಿರುವ ಹೊಸ ಕಾಲೊನಿಗಳಲ್ಲಿ ಈಗ ಹೊಸ ಬಗೆಯ ಮಡಿಯೊಂದು ಆರಂಭವಾಗಿದೆ. ನಾನಿರುವ ಕಾಲೊನಿಯಲ್ಲೂ ಬೀದಿಯ ಬಾಯಲ್ಲಿ ಹಲಗೆ ನೆಟ್ಟು, "ಬಾಡಿಗೆ ವಾಹನಗಳನ್ನು ರಾತ್ರಿ ಇಲ್ಲಿ ನಿಲ್ಲಿಸಕೂಡದು" ಎಂದು ನಿವಾಸಿಗಳ ಸಂಘದವರು ಬರೆಸಿದ್ದಾರೆ. ಬಿಳಿ ಫಲಕದ ಕಾರು ಶುದ್ಧ, ಹಳದಿ ಫಲಕದ ಕಾರು ಮೈಲಿಗೆ. ಎರಡೂ ಒಂದೇ ಕಾರ್ಖಾನೆಯಲ್ಲಿ ತಯಾರಾದವು, ಉದ್ದ ಅಗಲಗಳೂ ಒಂದೇ, ಹೊಗೆಯೂ ಒಂದೇ. ಆದರೆ ಒಂದು ಯಜಮಾನನ ಶೋಕಿಗೆ, ಇನ್ನೊಂದು ಯಜಮಾನನ ಅನ್ನಕ್ಕೆ. ಅನ್ನದ ಗಾಡಿಗೆ ಬೀದಿಯಲ್ಲಿ ಜಾಗವಿಲ್ಲವಂತೆ!

ಇದನ್ನು ಕನ್ನಡ ಸಂಘದ ಪತ್ರಿಕೆಯಲ್ಲೇಕೆ ಬರೆಯಬೇಕೆಂದು ವಾಚಕರು ಕೇಳಬಹುದು. ಆ ಹಳದಿ ಫಲಕದ ಗಾಡಿಗಳ ಚಕ್ರದ ಹಿಂದೆ ಕುಳಿತವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರದ ಕಡೆಯ ನಮ್ಮವರಿದ್ದಾರೆ. ಹಲಗೆ ನೆಡಬೇಕೆಂದು ಕೈಯೆತ್ತಿದ ಸಮಿತಿಯಲ್ಲಿಯೂ ನಮ್ಮವರಿದ್ದಾರೆ. 1956ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯವರಿಗೆ ಈ ಊರು ಪರಸ್ಥಳವೇ ಅಲ್ಲ. ಕಾಚಿಗುಡದಲ್ಲಿ ನೆಲೆಸಿದ ಹಿಂದಿನ ತಲೆಮಾರಿನವರು ಗುಮಾಸ್ತಿಕೆ, ಮಾಸ್ತರಿಕೆ, ವ್ಯಾಪಾರ ಮಾಡಿದರು; ಈ ತಲೆಮಾರಿನಲ್ಲಿ ಹಲವರು ಸಾಲ ಮಾಡಿ ಗಾಡಿ ಕೊಂಡು ಶಂಶಾಬಾದಿಗೆ ಬಂದರು. ಬರದೆ ಏನು ಮಾಡಿಯಾರು? 2008ರ ಮಾರ್ಚಿನಲ್ಲಿ ವಿಮಾನ ನಿಲ್ದಾಣ ಬೇಗಂಪೇಟೆಯಿಂದ ಇಲ್ಲಿಗೆ ಬಂತು. ಅದೇ ವರ್ಷ ಗಚ್ಚಿಬೌಲಿಯಿಂದ ಇಲ್ಲಿಯವರೆಗೆ ಹೊರವರ್ತುಲ ರಸ್ತೆ ತೆರೆಯಿತು. ಮರುವರ್ಷ ಮೆಹದಿಪಟ್ಟಣದ ಕಡೆಯಿಂದ ಪಿ. ವಿ. ನರಸಿಂಹರಾಯರ ಹೆಸರಿನ ಉದ್ದನೆಯ ಮೇಲ್ಸೇತುವೆ. ಬೆಂಗಳೂರಿನ ಹೆದ್ದಾರಿಯಂತೂ ಮೊದಲೇ ಇತ್ತು. ಗಾಡಿಯ ಮೇಲೆಯೇ ಬೆಳೆದ ಊರಿದು. ಇಲ್ಲಿನ ನಿವೇಶನಗಳಿಗೆ ಬೆಲೆ ಬಂದದ್ದೂ ಅದರಿಂದಲೇ.

ಬೆಳಗಿನ ಜಾವ ಮೂರು ಗಂಟೆಗೆ ವಿಮಾನ ಹಿಡಿಯಬೇಕಾದಾಗ ಸಮಿತಿಯ ಮಹನೀಯರಿಗೆ ಹಳದಿ ಫಲಕವೇ ಬೇಕು. ಪುಷ್ಪಕ್ ಬಸ್ಸುಗಳಿವೆ ನಿಜ. ಆದರೆ ಪೆಟ್ಟಿಗೆ ಹೊತ್ತು ಬಸ್ಸಿಗೆ ಓಡುವವರಾರು? ಚಾಲಕ ಬಾಗಿಲಿಗೇ ಬರಬೇಕು, ಹಾರ್ನ್ ಹೊಡೆಯಬಾರದು, ಐದು ನಿಮಿಷ ತಡವಾಗಬಾರದು. ಅದೇ ಚಾಲಕ ಬಾಡಿಗೆ ಮುಗಿಸಿ ರಾತ್ರಿ ಎರಡಕ್ಕೆ ತನ್ನ ಬಾಡಿಗೆ ಮನೆಯ ಮುಂದೆ ಗಾಡಿ ನಿಲ್ಲಿಸಿದರೆ ಕಾವಲುಗಾರ ಕೋಲು ಕುಟ್ಟುತ್ತಾನೆ. ಅವನು ಗಾಡಿಯನ್ನು ಹೆದ್ದಾರಿಯ ಬದಿಯ ಖಾಲಿ ಜಾಗದಲ್ಲಿ ಬಿಟ್ಟು, ಕತ್ತಲಲ್ಲಿ ನಡೆದು ಬಂದು, ಬ್ಯಾಟರಿಯೋ ಚಕ್ರವೋ ಬೆಳಗ್ಗೆ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಮಲಗಬೇಕು. ಕಂತು ಮಾತ್ರ ತಿಂಗಳು ತಿಂಗಳಿಗೆ ಬರುತ್ತದೆ. ಸಮಿತಿಯವರು ಮನೆಯ ಮಾಲೀಕರಿಗೆ ಹೇಳಿಸಿ, "ಮುಂದಿನ ತಿಂಗಳು ಬೇರೆ ಮನೆ ನೋಡಿಕೊಳ್ಳಪ್ಪ" ಎನ್ನಿಸಿದ್ದೂ ಉಂಟು. ಮಕ್ಕಳ ಶಾಲೆ, ಹೆಂಡತಿಯ ಕೆಲಸ ಎಲ್ಲವೂ ಆ ಒಂದು ಮಾತಿಗೆ ಅಲ್ಲಾಡುತ್ತವೆ.

ಈಗ ಕಾನೂನಿನ ಮಾತಿಗೆ ಬರೋಣ. ಹಲಗೆಯ ಮೇಲೆ "ಆಜ್ಞೆಯ ಮೇರೆಗೆ" ಎಂದು ದಪ್ಪ ಅಕ್ಷರದಲ್ಲಿದೆ. ಯಾರ ಆಜ್ಞೆ? 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಒಂದು ರಸ್ತೆಯಲ್ಲಿ ಇಂಥ ವರ್ಗದ ವಾಹನ ಓಡಬಾರದೆಂದು ನಿರ್ಬಂಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ ಮಾತ್ರ. ಅವರೂ ತಿಂಗಳಿಗಿಂತ ಹೆಚ್ಚು ಕಾಲದ ನಿರ್ಬಂಧವಾದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ವಾಹನ ನಿಲ್ಲಿಸುವ ಸ್ಥಳ ಗೊತ್ತುಮಾಡುವುದು 117ನೇ ಕಲಂ. ಅಲ್ಲಿಯೂ ಸರ್ಕಾರ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಬೇಕು. ನಿವಾಸಿಗಳ ಸಂಘದ ಹೆಸರು ಎರಡರಲ್ಲಿಯೂ ಇಲ್ಲ. ಅನುಮೋದಿತ ಬಡಾವಣೆಯ ರಸ್ತೆಗಳನ್ನು ದಾನಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಒಪ್ಪಿಸಿದ ಮೇಲೆ ಅವು ಸಾರ್ವಜನಿಕ ರಸ್ತೆಗಳು. ಶಂಶಾಬಾದ್ 2018ರಲ್ಲಿ ಪುರಸಭೆಯಾಯಿತು, 2025ರ ಕೊನೆಯಲ್ಲಿ ಗ್ರೇಟರ್ ಹೈದರಾಬಾದ್ ಪಾಲಿಕೆಯೊಳಗೆ ವಿಲೀನವಾಯಿತು. ಆಡಳಿತದ ಹೆಸರು ಬದಲಾದುದರಿಂದ ರಸ್ತೆ ಸಮಿತಿಯವರ ಪಿತ್ರಾರ್ಜಿತವಾಗಲಿಲ್ಲ. ಗೋಡೆಯೊಳಗಿನ ಸ್ವಂತ ಜಾಗದ ಮಾತು ಬೇರೆ. ಅಲ್ಲಿ ಅವರು ರಂಗೋಲಿ ಹಾಕಿ ಕುಳಿತರೂ ಕೇಳುವವರಿಲ್ಲ.

ಇನ್ನೊಂದು ತಮಾಷೆಯಿದೆ. ಅದೇ ಕಾಯ್ದೆಯ 127ನೇ ಕಲಂ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಯಾರ ಗಮನವೂ ಇಲ್ಲದೆ ಬಿಟ್ಟ ವಾಹನವನ್ನು ಪೋಲೀಸರು ಎಳೆಸಿ ಹಾಕಬಹುದು. ನಮ್ಮ ಬೀದಿಗಳಲ್ಲಿ ಹತ್ತು ಗಂಟೆ ನಿಲ್ಲುವ ಗಾಡಿ ಯಾವುದು? ಹಗಲೂ ರಾತ್ರಿ ದುಡಿಯುವ ಬಾಡಿಗೆ ಕಾರು ಅಷ್ಟು ಹೊತ್ತು ನಿಂತರೆ ಅದರ ಕಂತು ಕಟ್ಟುವವರಾರು? ಬೂದು ಬಣ್ಣದ ಹೊದಿಕೆ ಹೊದ್ದು, ಚಕ್ರದ ಬುಡದಲ್ಲಿ ಹುಲ್ಲು ಬೆಳೆಸಿಕೊಂಡು, ಭಾನುವಾರದ ಮದುವೆಗಾಗಿ ಕಾದು ಮಲಗಿರುವುದು ಮನೆಗೆ ಎರಡನೆಯದೋ ಮೂರನೆಯದೋ ಆದ ಬಿಳಿ ಫಲಕದ ಕಾರು. ಕಾನೂನಿನ ಕಣ್ಣಿಗೆ ಬೀಳಬೇಕಾದದ್ದು ಅದು. 122ನೇ ಕಲಂ ಕೂಡ, ಅಡ್ಡಿಯಾಗುವಂತೆ, ಅಪಾಯವಾಗುವಂತೆ ಗಾಡಿ ಬಿಡಬಾರದೆನ್ನುತ್ತದೆಯೇ ಹೊರತು ಫಲಕದ ಬಣ್ಣ ಕೇಳುವುದಿಲ್ಲ.

ಹಾಗಾದರೆ ಎಲ್ಲ ಗಾಡಿಗಳೂ ಎಲ್ಲೆಂದರಲ್ಲಿ ನಿಲ್ಲಲಿ ಎಂದು ನನ್ನ ವಾದವೇ? ಖಂಡಿತ ಇಲ್ಲ. ಹತ್ತು ಚಕ್ರದ ಲಾರಿ, ಟ್ರಾವೆಲ್ಸಿನ ಬಸ್ಸು, ಮರಳಿನ ಟಿಪ್ಪರು ಮನೆಗಳ ನಡುವೆ ಬರಲೇಬಾರದು. ಅಂಥ ಗಾಡಿ ಅಡ್ಡ ನಿಂತ ಬೀದಿಗೆ ಬೆಂಕಿ ಆರಿಸುವ ವಾಹನ ನುಗ್ಗಲಾರದು. ನಸುಕಿನಲ್ಲಿ ಅದರ ಎಂಜಿನ್ ಗುಡುಗಿದರೆ ಹಸುಗೂಸು ಎದ್ದು ಅಳುತ್ತದೆ. ಈ ವಿಷಯದಲ್ಲಿ ಸಮಿತಿಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಲಾರಿಯ ಮೇಲಿನ ಸಿಟ್ಟನ್ನು ಬಾಡಿಗೆ ಕಾರಿನ ಮೇಲೆ, ಆಟೋದ ಮೇಲೆ, ತರಕಾರಿ ಹೇರುವ ಪುಟ್ಟ ಟ್ರಾಲಿಯ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಅಳತೆ ಬೇಕು, ಆ ಅಳತೆ ಗಾತ್ರದ್ದಾಗಿರಬೇಕು. ಬೆಂಗಳೂರಿಗಾಗಿ ಕರ್ನಾಟಕ ಸರ್ಕಾರ 2021ರಲ್ಲಿ ಒಪ್ಪಿದ ನಿಲುಗಡೆ ನೀತಿಯಲ್ಲಿ, ಮನೆಯ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ ಚಿಕ್ಕ ಕಾರಿಗೆ 1,000 ರೂಪಾಯಿಯಿಂದ ದೊಡ್ಡ ಕಾರಿಗೆ 5,000 ರೂಪಾಯಿಯವರೆಗೆ ಪರವಾನಗಿ ಶುಲ್ಕ ಸೂಚಿಸಿದ್ದರು. ಆ ನೀತಿ ಬಹಳ ಕಾಲ ಕಾಗದದಲ್ಲಿಯೇ ನಿದ್ರಿಸಿತು, ಅದಿರಲಿ. ಹೆಚ್ಚು ರಸ್ತೆ ತಿನ್ನುವವನು ಹೆಚ್ಚು ಕೊಡಲಿ ಎಂಬ ತತ್ತ್ವವಾದರೂ ಅದರಲ್ಲಿತ್ತು. ಜಪಾನಿನವರು 1962ರಲ್ಲಿಯೇ ಕಾರಿಗೆ ಜಾಗವಿದೆಯೆಂದು ತೋರಿಸದೆ ಕಾರು ಇಟ್ಟುಕೊಳ್ಳಕೂಡದೆಂದು ಕಾನೂನು ಮಾಡಿದರು. ಅಂಥ ಕಾನೂನು ಇಲ್ಲಿ ಬಂದರೆ ಮೊದಲು ತೊಡಕಿಗೆ ಸಿಲುಕುವವರು ನಮ್ಮ ಸಮಿತಿಯವರೇ. ಏಕೆಂದರೆ ನಕ್ಷೆ ಮಂಜೂರಾಗುವಾಗ ಗಾಡಿಗೆಂದು ತೋರಿಸಿದ ಕೆಳಅಂತಸ್ತು, ಮನೆ ಹೊಕ್ಕ ಮೇಲೆ ಕಿರಾಣಿ ಅಂಗಡಿಯಾಗಿದೆ, ಹೊಲಿಗೆ ತರಬೇತಿಯಾಗಿದೆ, ಬಾಡಿಗೆಯ ಒಂಟಿ ಕೋಣೆಯಾಗಿದೆ. ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಜಾಗವನ್ನು ಕಟ್ಟಿದವನು ಬೇರೆಯಾಗಿ ಮಾರಕೂಡದೆಂದು ಮುಂಬಯಿಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ತಮ್ಮ ಕಾರುಗಳನ್ನು ತಾವೇ ಬೀದಿಗೆ ತಳ್ಳಿ, ಆಮೇಲೆ ಬೀದಿ ಇಕ್ಕಟ್ಟೆಂದು ಚಾಲಕನನ್ನು ಊರಾಚೆಗೆ ಅಟ್ಟುವುದು ಬಹಳ ಸೊಗಸಾದ ಏರ್ಪಾಡು!

ರಾಜ್ಯೋತ್ಸವದ ದಿನ ಹಳದಿ ಕೆಂಪು ಬಾವುಟಕ್ಕೆ ಕೈಮುಗಿಯುತ್ತೇವೆ. ಅತಿಥಿಗಳನ್ನು ರೈಲು ನಿಲ್ದಾಣದಿಂದ ಕರೆತರಲು ಯಾದಗಿರಿಯ ತಮ್ಮನಿಗೆ ಫೋನು ಮಾಡುತ್ತೇವೆ. ಅವನು ಪೆಟ್ರೋಲಿನ ಹಣವನ್ನೂ ಬೇಡವೆನ್ನುತ್ತಾನೆ. ಮರುದಿನ ಅವನ ಗಾಡಿಯ ಮೇಲೆ ಸಮಿತಿಯ ಚೀಟಿ ಅಂಟಿಸುವಾಗ ನಮ್ಮವರ ಕೈ ಸ್ವಲ್ಪವಾದರೂ ತಡೆಯಬೇಡವೇ?

ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಲಾರಿಗಳಿಗೆ ಹೊರವರ್ತುಲ ರಸ್ತೆಯ ಸಮೀಪ ಶೌಚಾಲಯ, ದೀಪ, ಕಾವಲು ಇರುವ ತಂಗುದಾಣ ಬೇಕು. ಬಾಡಿಗೆ ಕಾರು, ಆಟೋಗಳಿಗೆ ಕಾಲೊನಿಯ ಹತ್ತಿರದ ಸರ್ಕಾರಿ ಜಾಗದಲ್ಲಿ ಕಡಿಮೆ ಶುಲ್ಕದ ರಾತ್ರಿ ನಿಲುಗಡೆ ಬೇಕು. ಅದು ಆಗುವ ತನಕ ಅಗಲವಾದ ರಸ್ತೆಗಳಲ್ಲಿ ಒಂದು ಬದಿಗೆ ಗೆರೆ ಎಳೆದು, ಬಿಳಿ ಹಳದಿ ಭೇದವಿಲ್ಲದೆ ಮನೆಗೊಂದು ಗಾಡಿಗೆ ಅವಕಾಶ ಕೊಡಲಿ. ಇಷ್ಟನ್ನು ಬರೆದು ಪಾಲಿಕೆಯ ಕಚೇರಿಗೂ ಸಂಚಾರ ಪೋಲೀಸರಿಗೂ ಒಂದೊಂದು ಪ್ರತಿ ಕೊಡಬೇಕು. ತೆಲುಗಿನಲ್ಲಿ ಬರೆದುಕೊಡುವವರು ನಮ್ಮಲ್ಲಿಯೇ ಬೇಕಾದಷ್ಟು ಜನರಿದ್ದಾರೆ. ಕಾಲೊನಿ ಸಮಿತಿಗಳಲ್ಲಿರುವ ಕನ್ನಡಿಗರು ಮುಂದಿನ ಸಭೆಯಲ್ಲಿ ಎದ್ದು ನಿಂತು, ಆ ಹಲಗೆಯನ್ನು ಯಾವ ಕಲಮಿನಡಿ ನೆಟ್ಟಿರಿ ಎಂದು ಕೇಳಿ, ಬಂದ ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಸಲಿ. ಮನವಿಗೆ ರುಜು ಹಾಕಲು ಚಾಲಕರು ಹಗಲು ಸಿಗುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಹೆದ್ದಾರಿಯ ಬದಿಯ ಚಹದ ಅಂಗಡಿಗೆ ಹೋದರೆ ಸಿಗುತ್ತಾರೆ.