ಓದಿದ್ರೆ ದುಡ್ಡು ಬಂದ್!

ಡಿಗ್ರಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಇಷ್ಟು ನಿಮಗೆ ಗೊತ್ತಿರುತ್ತೆ. ಆದರೆ ಇನ್ನೊಂದು ಷರತ್ತಿದೆ: ಮುಂದೆ ಓದೋಕೆ ಸೇರಿದರೆ ಹಣ ನಿಲ್ಲುತ್ತೆ. ಕೆಲಸವೂ ಇಲ್ಲ, ಓದ್ತಾನೂ ಇಲ್ಲ ಅಂತ ಆಗಾಗ ಸ್ವಯಂ ಘೋಷಣೆ ಕೊಡ್ತಿರಬೇಕು.

ಹಲಗೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಬಿಎಸ್ಸಿ ಆಗಿದೆ, ಬಿ.ಎಡ್ ಮಾಡಿ ಟೀಚರ್ ಆಗುವಾಸೆ. ಮಂಡ್ಯಕ್ಕೆ ಓಡಾಡೋಕೆ ಶಕ್ತಿ ಯೋಜನೆಯ ಫ್ರೀ ಬಸ್ಸಿದೆ, ಸರಿ. ಫೀಸು, ಪುಸ್ತಕ, ಊಟಕ್ಕೆ? ಖರ್ಚು ಶುರುವಾಗುವ ತಿಂಗಳೇ ಹಣ ನಿಲ್ಲುತ್ತೆ. "ಅಣ್ಣ, ಮನೇಲಿ ಸುಮ್ನೆ ಕೂತ್ರೆ ಮೂರು ಸಾವಿರ, ಓದಕ್ಕೋದ್ರೆ ಸೊನ್ನೆ. ಏನ್ಮಾಡ್ಲಿ?" ಅಂತಾಳೆ.

ಇದು ನಿರುದ್ಯೋಗ ಭತ್ಯೆ, ಓದುವವರಿಗೆ ಸ್ಕಾಲರ್‌ಶಿಪ್ ಬೇರೆ ಇದೆಯಲ್ಲ ಅನ್ನಬಹುದು. ಆದ್ರೆ ಲೆಕ್ಕ ನೋಡಿ. ಯುವನಿಧಿ ಎರಡು ವರ್ಷ, ಬಿ.ಎಡ್ ಕೂಡ ಎರಡೇ ವರ್ಷ. ಸರ್ಕಾರ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಿಲ್ಲ, ಕೊಡೋದನ್ನ ನಿಲ್ಲಿಸದಿದ್ದರೆ ಸಾಕು. ನಮ್ಮ ಐಟಿಯಲ್ಲಿ ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತವರಿಗೆ ಸಂಬಳ ಕೊಟ್ಟೇ ಹೊಸ ಕೋರ್ಸ್ ಮಾಡಿಸ್ತಾರೆ. ಕಲೀತಿದ್ದೀಯ ಅಂತ ಸಂಬಳ ಹಿಡಿದ ಮ್ಯಾನೇಜರನ್ನ ನಾನಂತೂ ಕಂಡಿಲ್ಲ.

ಸುಳ್ಳು ಘೋಷಣೆ ಕೊಡ್ಬೇಡ, ಸೇರ್ಕೋ, ಆ ಮೂರು ಸಾವಿರ ನಾನು ಹಾಕ್ತೀನಿ ಅಂದಿದ್ದೀನಿ. ಅವಳ ಜೊತೆ ಡಿಗ್ರಿ ಮುಗಿಸಿದ ಇನ್ನಿಬ್ಬರು ಹುಡುಗಿಯರು ಭತ್ಯೆ ತಗೊಂಡು ಮನೇಲೇ ಇದ್ದಾರೆ.